ಎಳಗರುಗಳಿಗೂ ಮರಿಗಳಿಗೂ ಹಾವಿನ ಕಡಿತ: ರೋಣ, ನರಗುಂದ, ಗಜೇಂದ್ರಗಡ ಸೀಮೆಯನ್ನು ಕುರಿತ ವಿವೇಚನೆ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ, ನಾಡಿನ ಇತರ ಅನೇಕ ಕಡೆಗಳಲ್ಲಿರುವಂತೆಯೇ, ಹಾವನ್ನು ಹೆಸರೆತ್ತಿ ಹೇಳಲು ಒಕ್ಕಲಿಗರು ಹಿಂಜರಿಯುತ್ತಾರೆ. ಹಾವು ಕಚ್ಚಿತೆನ್ನದೆ ‘ಹುಳ ಮುಟ್ಟಿತು’ ಎನ್ನುತ್ತಾರೆ. ಸಂಜೆ ಮೊಲೆಯುಂಡು ಮಲಗಿದ ಕರು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿದ್ದರೆ, ಹೊಲದಲ್ಲಿ ಮಂದೆಯೊಡನೆ ತಂಗಿದ್ದ ಕುರಿಮರಿ ಬಾಯಲ್ಲಿ ನೊರೆ ಸುರಿಸಿ ಕಾಲು ಚಾಚಿದ್ದರೆ, ನೆರೆಹೊರೆಯವರು ಹೇಳುವ ಕಾರಣ ಬಹುಮಟ್ಟಿಗೆ ಇದೊಂದೇ. ಆ ಕಾರಣವು ಕೆಲವೊಮ್ಮೆ ನಿಜ, ಅನೇಕ ವೇಳೆ ತಪ್ಪು. ನಿಜವಾಗಿದ್ದಾಗ, ಕರುವನ್ನು ಉಳಿಸಬಹುದಾಗಿದ್ದ ಕೆಲವು ಗಂಟೆಗಳು ವೃಥಾ ಕಳೆದುಹೋಗಿರುತ್ತವೆ. ತಪ್ಪಾಗಿದ್ದಾಗ, ಇಡೀ ಹಟ್ಟಿಗೂ ಒಮ್ಮೊಮ್ಮೆ ಮನೆಯ ಜನರಿಗೂ ಅಪಾಯವನ್ನು ತರುವ ಬೇರೊಂದು ರೋಗವು ಆ ಮಾತಿನ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಎಳೆಯ ಪಶುಗಳಲ್ಲಿ ಹಾವಿನ ಕಡಿತವು ಏಕೆ ಬೇರೆ ರೀತಿಯದು, ಅದನ್ನು ಇತರ ಬೇನೆಗಳಿಂದ ಹೇಗೆ ಬೇರ್ಪಡಿಸಬೇಕು, ಚಿಕಿತ್ಸೆಯಿಂದ ಎಷ್ಟು ಸಾಧ್ಯ ಎಂಬುದನ್ನು ನಾವು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಒಂದು ಕರುವಿನ ಸಾವು ಒಂದು ಕರುವಿನ ನಷ್ಟವಷ್ಟೇ ಅಲ್ಲವೆಂಬುದನ್ನು ಮೊದಲೇ ಹೇಳಬೇಕು. ನಮ್ಮ ನಾಟಿ ಆಕಳುಗಳೂ ಎಮ್ಮೆಗಳೂ ಕರುವು ಮುಂದಿಲ್ಲದೆ ಸುಲಭವಾಗಿ ಹಾಲಿಳಿಸುವುದಿಲ್ಲ. ಕರು ಸತ್ತರೆ ಆ ಸೂಲಿನ ಹಾಲೂ ಬಹುತೇಕ ಹೋಯಿತು. ಇದರಿಂದಾಗಿಯೇ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ಪದ್ಧತಿಯು ಭಾರತದ ಹಳ್ಳಿಗಳಲ್ಲಿ ಹಿಂದಿನಿಂದ ಬಂದುದು. ಈ ಪದ್ಧತಿಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು; ಮುಂದೆ ಅದರ ಪ್ರಸ್ತಾಪ ಬರುವುದಿದೆ. ಕುರಿಗಾರನಿಗಾದರೋ ಮರಿಯೇ ವರ್ಷದ ಆದಾಯ.

ಈ ಪ್ರದೇಶವು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು ಆಮೇಲೆ ಗದಗ ಜಿಲ್ಲೆಯ ಭಾಗವಾಯಿತು. ಗಜೇಂದ್ರಗಡವು ರೋಣದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದುದು ಇತ್ತೀಚೆಗೆ. ನರಗುಂದ ಮತ್ತು ರೋಣದ ಬಹುಭಾಗ ಎರೆಭೂಮಿ. ಬೇಸಗೆಯಲ್ಲಿ ಈ ಕರಿಮಣ್ಣು ಒಣಗಿ ಕೈ ಇಳಿಯುವಷ್ಟು ಅಗಲವಾಗಿ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಇಲಿ ಹೆಗ್ಗಣಗಳು ಸೇರುತ್ತವೆ, ಅವನ್ನು ಹುಡುಕಿಕೊಂಡು ಹಾವುಗಳೂ ಸೇರುತ್ತವೆ. ಮುಂಗಾರಿನ ಮಳೆ ಬಿದ್ದು ಬಿರುಕು ಮುಚ್ಚಿಕೊಂಡಾಗ ಅವು ಬದುವಿಗೆ, ಬಣವೆಗೆ, ಕೊಟ್ಟಿಗೆಗೆ ಬರುತ್ತವೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ ೧೯೭೦ರ ದಶಕದ ಈಚೆಗೆ ಕಾಲುವೆಯ ನೀರು ಬಂದ ಕಡೆಗಳಲ್ಲಿ ಗೋವಿನಜೋಳ, ಗೋದಿ, ಸೂರ್ಯಕಾಂತಿಗಳು ಬೆಳೆದು, ಕಾಲುವೆಯ ದಂಡೆಗಳು ವರ್ಷವಿಡೀ ಹುಲ್ಲು ಹೊತ್ತು ನಿಂತಿವೆ. ಇಲಿಗೆ ಇದಕ್ಕಿಂತ ಒಳ್ಳೆಯ ನೆಲೆ ಬೇಕಿಲ್ಲ. ಗಜೇಂದ್ರಗಡದ ಕಡೆಗೆ ನೆಲದ ಸ್ವರೂಪವೇ ಬೇರೆ: ಮರಳುಗಲ್ಲಿನ ಗುಡ್ಡ, ಕೆಂಪು ಮರಡಿ, ಕುರುಚಲು, ಕುರಿ ಆಡುಗಳ ಮೇವು. ಒಂದೇ ಜಿಲ್ಲೆಯ ಮೂರು ತಾಲ್ಲೂಕುಗಳಾದರೂ ಹಾವಿನ ಲೆಕ್ಕದಲ್ಲಿ ಇವು ಒಂದೇ ಅಲ್ಲ.

ಕೊಲ್ಲುವ ಹಾವುಗಳು ನಾಲ್ಕು. ಎರೆಭೂಮಿಯ ಬೆಳೆಗಳಲ್ಲಿಯೂ ಹುಲ್ಲಿನ ಬದುಗಳಲ್ಲಿಯೂ ಕೊಳಕುಮಂಡಲ. ಊರ ಅಂಚಿನಲ್ಲಿಯೂ ಕೊಟ್ಟಿಗೆಯ ಸುತ್ತಲೂ ನಾಗರಹಾವು. ರಾತ್ರಿ ಸಂಚರಿಸುವ ಕಟ್ಟುಹಾವು. ಗುಡ್ಡದ ಕಲ್ಲುಗಳ ಸಂದಿನಲ್ಲಿ ಗರಗಸಮಂಡಲ ಅಥವಾ ಉರಿಮಂಡಲ. ಕೊಳಕುಮಂಡಲವು ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ, ಹೆರುವುದು ಬೇಸಗೆಯ ಕೊನೆಯಿಂದ ಮುಂಗಾರಿನ ಆರಂಭದವರೆಗೆ, ಒಂದು ಸಲಕ್ಕೆ ಹಲವು ಹತ್ತು ಮರಿಗಳು. ಹೆಸರು ಮತ್ತು ಗೋವಿನಜೋಳದ ಹೊಲಗಳಲ್ಲಿ ಕೆಲಸ ನಡೆಯುವ ತಿಂಗಳುಗಳೂ ಅವೇ. ಇನ್ನು ಕೇರೆಹಾವು, ನೀರೊಳ್ಳೆ, ಮಣ್ಣುಮುಕ್ಕಗಳಿಗೆ ವಿಷವಿಲ್ಲ. ಕೇರೆಹಾವು ಆಕಳ ಕಾಲಿಗೆ ಸುತ್ತಿಕೊಂಡು ಮೊಲೆಹಾಲು ಕುಡಿಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಹಾವಿನ ಬಾಯಿಯ ರಚನೆ ಮೊಲೆ ಚೀಪುವುದಕ್ಕೆ ಒಗ್ಗುವುದೇ ಇಲ್ಲ. ಅದನ್ನು ಕೊಂದವನು ತನ್ನ ಬಣವೆಯ ಇಲಿಗಳ ವೈರಿಯನ್ನು ಕೊಂದನೆಂದೇ ಹೇಳಬೇಕು.

ಎಳೆಯ ಪಶುವಿಗೆ ಹಾವಿನ ಭಯ ಹುಟ್ಟಿನಿಂದ ಬಂದಿರುವುದಿಲ್ಲ. ಅಲುಗಾಡುವುದನ್ನೆಲ್ಲ ಅದು ಮೂಸಿ ನೋಡುತ್ತದೆ. ಆದುದರಿಂದ ದೊಡ್ಡ ದನಕ್ಕೆ ಕಡಿತವು ಕಾಲಿನ ಕೆಳಭಾಗದಲ್ಲಿಯೂ ಆಗಬಹುದಾದರೆ ಕರುವಿಗೆ ಮೂತಿ, ತುಟಿ, ಮೂಗಿನ ಹೊಳ್ಳೆಗಳಲ್ಲಿ ಆಗುವುದು ಹೆಚ್ಚು. ಗೂಟಕ್ಕೆ ಕಟ್ಟಿದ ಕರುವಿಗೆ ಹಿಂದೆ ಸರಿಯಲೂ ಅವಕಾಶವಿರುವುದಿಲ್ಲ. ಕರುವನ್ನು ಕಣಿಕೆಯ ಬಣವೆಯ ಮಗ್ಗುಲಿಗೋ ಕುಳ್ಳಿನ ರಾಶಿಯ ಪಕ್ಕಕ್ಕೋ ಕಟ್ಟುವುದು ನಮ್ಮ ಕಡೆಯ ವಾಡಿಕೆ, ಗಾಳಿ ಮಳೆಗೆ ಅದು ಆಸರೆಯಾಗುವುದರಿಂದ. ಹಾವಿಗೂ ಅದೇ ಆಸರೆ. ಗೂಟವನ್ನು ಅಲ್ಲಿಂದ ಕೆಲವು ಮಾರು ದೂರಕ್ಕೆ ಕೀಳುವುದು, ಗೋದಲಿಯ ಕೆಳಗಿನ ಬಿಲಗಳನ್ನು ಕಲ್ಲು ಮಣ್ಣು ಹಾಕಿ ಜಡಿಯುವುದು, ಮರಿಗಳನ್ನು ಬರಿನೆಲದ ಮೇಲೆ ಬುಟ್ಟಿಯಡಿ ಮುಚ್ಚದೆ ತುಸು ಎತ್ತರದಲ್ಲಿ ಮಲಗಿಸುವುದು, ಇಷ್ಟಕ್ಕೆ ಹಣದ ಖರ್ಚೇನೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ವಿಷದ ಪರಿಣಾಮವು ವಿಷದ ತೂಕ ಮತ್ತು ದೇಹದ ತೂಕಗಳ ಪ್ರಮಾಣವನ್ನು ಅವಲಂಬಿಸಿರುತ್ತದೆ. ಕೊಳಕುಮಂಡಲವು ಒಂದು ಕಡಿತದಲ್ಲಿ ಸರಾಸರಿ ೬೩ ಮಿಲಿಗ್ರಾಂ ವಿಷವನ್ನು ಬಿಡುತ್ತದೆಂದು ಭಾರತದ ವೈದ್ಯರು ಲೆಕ್ಕ ಹಿಡಿಯುತ್ತಾರೆ. ೫ ಮಿಲಿಗ್ರಾಮಿನಿಂದ ೧೪೭ ಮಿಲಿಗ್ರಾಮಿನವರೆಗೆ ವ್ಯತ್ಯಾಸವುಂಟು. ಹಾವು ತಾನು ಕಚ್ಚುವ ಪ್ರಾಣಿಯನ್ನು ತೂಗಿ ನೋಡಿ ವಿಷವನ್ನು ಅಳೆಯುವುದಿಲ್ಲವಷ್ಟೆ. ೪೦೦ ಕಿಲೋಗ್ರಾಂ ತೂಗುವ ಎತ್ತಿಗೆ ಈ ೬೩ ಮಿಲಿಗ್ರಾಂ ಹಂಚಿದರೆ ಕಿಲೋ ಒಂದಕ್ಕೆ ಸುಮಾರು ೦.೧೬ ಮಿಲಿಗ್ರಾಂ ಆಗುತ್ತದೆ. ೨೦ ಕಿಲೋ ತೂಗುವ ಎಳಗರುವಿಗೆ ೩ ಮಿಲಿಗ್ರಾಮಿಗೂ ಮೇಲು. ೩ ಕಿಲೋ ತೂಗುವ ಕುರಿಮರಿಗೆ ೨೧ ಮಿಲಿಗ್ರಾಂ, ಎಂದರೆ ಎತ್ತಿನ ಪಾಲಿಗಿಂತ ಸುಮಾರು ೧೩೦ ಪಟ್ಟು. ಎತ್ತು ಕಾಲು ಬಾತು ನಾಲ್ಕು ದಿನ ಕುಂಟಿ ಚೇತರಿಸಿಕೊಳ್ಳುವ ಕಡಿತದಲ್ಲಿ ಕರು ಒಂದು ದಿನದೊಳಗೆ, ಮರಿ ಒಂದೆರಡು ಗಂಟೆಗಳಲ್ಲಿ ಸಾಯುವುದಕ್ಕೆ ಬೇರೆ ಗೂಢ ಕಾರಣವನ್ನು ಹುಡುಕಬೇಕಾಗಿಲ್ಲ.

ಈ ಲೆಕ್ಕದಿಂದಲೇ ಚಿಕಿತ್ಸೆಯ ಮೊದಲನೆಯ ನಿಯಮವೂ ಹೊರಡುತ್ತದೆ. ಇತರ ಔಷಧಗಳಲ್ಲಿ ಸಣ್ಣ ದೇಹಕ್ಕೆ ಸಣ್ಣ ಪ್ರಮಾಣವೆಂಬುದು ರೂಢಿ. ಪ್ರತಿವಿಷದಲ್ಲಿ ಹಾಗಲ್ಲ. ಅದು ದೇಹಕ್ಕೆ ಕೊಡುವ ಔಷಧವಲ್ಲ, ದೇಹದೊಳಗೆ ಬಂದ ವಿಷವನ್ನು ಕಟ್ಟಿಹಾಕುವ ದ್ರವ್ಯ. ವಿಷವು ಎತ್ತಿನಲ್ಲಿಯೂ ಕರುವಿನಲ್ಲಿಯೂ ಒಂದೇ ಆಗಿರುವಾಗ ಅದನ್ನು ಕಟ್ಟಲು ಬೇಕಾಗುವ ಪ್ರತಿವಿಷವೂ ಒಂದೇ. ಭಾರತದಲ್ಲಿ ತಯಾರಾಗುವ ಪ್ರತಿವಿಷದ ೧ ಮಿಲಿಲೀಟರು ಕೊಳಕುಮಂಡಲದ ಅಥವಾ ನಾಗರಹಾವಿನ ೦.೬೦ ಮಿಲಿಗ್ರಾಂ ವಿಷವನ್ನೂ ಕಟ್ಟುಹಾವಿನ ಅಥವಾ ಗರಗಸಮಂಡಲದ ೦.೪೫ ಮಿಲಿಗ್ರಾಂ ವಿಷವನ್ನೂ ನಿಷ್ಫಲಗೊಳಿಸಬೇಕೆಂದು ನಿಗದಿಯಾಗಿದೆ. ೧೦ ಮಿಲಿಲೀಟರಿನ ಒಂದು ಸೀಸೆಯು ಕೊಳಕುಮಂಡಲದ ೬ ಮಿಲಿಗ್ರಾಮಿಗೆ ಸಮ. ಸರಾಸರಿ ಕಡಿತಕ್ಕೆ ಹತ್ತು ಸೀಸೆ ಬೇಕೆಂಬ ಮಾತು ಇಲ್ಲಿಂದ ಬಂದುದು.

ವಿಷಗಳ ಕಾರ್ಯವನ್ನು ಸಂಕ್ಷೇಪವಾಗಿ ಹೇಳುವೆವು. ಮಂಡಲದ ಹಾವುಗಳ ವಿಷವು ರಕ್ತದ ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ಬಳಸಿ ಮುಗಿಸಿಬಿಡುತ್ತದೆ. ಗಾಯದಿಂದ ರಕ್ತ ಒಸರುತ್ತಲೇ ಇರುತ್ತದೆ, ಒಸಡಿನಿಂದ ಜಿನುಗುತ್ತದೆ, ಮೂತ್ರ ಕೆಂಪಗಾಗುತ್ತದೆ. ಕಚ್ಚಿದ ಜಾಗ ನೋಡನೋಡುತ್ತಿರುವಂತೆ ಬಾತು, ಬಳಿಕ ಕಪ್ಪೇರಿ ಕೊಳೆಯುತ್ತದೆ. ಕೊಳಕುಮಂಡಲವು ಇದರ ಮೇಲೆ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ನಾಗರ ಮತ್ತು ಕಟ್ಟುಹಾವುಗಳ ವಿಷವು ನರದಿಂದ ಮಾಂಸಖಂಡಕ್ಕೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ರೆಪ್ಪೆ ಜೋಲುತ್ತದೆ, ನಾಲಗೆ ಹೊರಬೀಳುತ್ತದೆ, ಜೊಲ್ಲು ನುಂಗಲಾಗದೆ ಹರಿಯುತ್ತದೆ, ಹಿಂಗಾಲು ಸೋಲುತ್ತವೆ, ಕೊನೆಗೆ ಉಸಿರು ನಿಲ್ಲುತ್ತದೆ. ನಾಗರಹಾವಿನ ಕಡಿತದಲ್ಲಿ ಬಾವೂ ನೋವೂ ಇರುತ್ತವೆ. ಕಟ್ಟುಹಾವಿನದರಲ್ಲಿ ಹಲ್ಲಿನ ಗುರುತು ಕಾಣಿಸುವುದೇ ಕಷ್ಟ, ಕೂದಲಿರುವ ಕರುವಿನಲ್ಲಂತೂ ಇನ್ನೂ ಕಷ್ಟ. ಮೊಲೆಯ ಬಳಿಗೆ ಬಂದು ಬಾಯಿ ಹಾಕಿಯೂ ಚೀಪಲಾರದ ಕರುವನ್ನು ಕಂಡರೆ ನರವಿಷದ ಸಂದೇಹವು ಮೂಡಬೇಕು. ರೆಪ್ಪೆ ಜೋಲುವುದನ್ನು ಗಮನಿಸದ ಮನೆಯಾಕೆಯೂ ಇದನ್ನು ತಪ್ಪದೆ ಗಮನಿಸುತ್ತಾಳೆ.

ಹಾವಿನ ಕಡಿತವೆಂದು ತೋರುವ ಆದರೆ ಅದಲ್ಲದ ಬೇನೆಗಳ ವಿಚಾರವು ಈ ಸೀಮೆಯಲ್ಲಿ ಬಹಳ ಮಹತ್ವದ್ದು.

ಮೊದಲನೆಯದು ಚಪ್ಪೆರೋಗ. ಆರು ತಿಂಗಳಿನಿಂದ ಎರಡು ವರ್ಷದ, ಮೈ ತುಂಬಿಕೊಂಡ ಕರುಗಳಿಗೇ ಇದು ಮಳೆಗಾಲದ ಆರಂಭದಲ್ಲಿ ಬರುತ್ತದೆ. ತೊಡೆ ಅಥವಾ ಭುಜ ಬಾಯುತ್ತದೆ, ಕರು ಕುಂಟುತ್ತದೆ, ಒಂದೆರಡು ದಿನಗಳಲ್ಲಿ ಸಾಯುತ್ತದೆ. ಕೊಳಕುಮಂಡಲದ ಕಡಿತಕ್ಕೂ ಇದಕ್ಕೂ ದೂರದಿಂದ ಭೇದವಿಲ್ಲ. ಕೈಯಿಟ್ಟು ನೋಡಿದರೆ ಭೇದ ತಿಳಿಯುತ್ತದೆ: ಚಪ್ಪೆರೋಗದ ಬಾವನ್ನು ಒತ್ತಿದಾಗ ಒಳಗೆ ವಾಯು ಇರುವುದರಿಂದ ಒಣಎಲೆ ಮುರಿದಂತೆ ಚರಚರ ಸದ್ದಾಗುತ್ತದೆ, ಮೊದಲಲ್ಲಿ ತೀವ್ರ ಜ್ವರವಿರುತ್ತದೆ, ಬಾವು ಬರಬರುತ್ತ ತಣ್ಣಗಾಗಿ ನೋವಿಲ್ಲದ್ದಾಗುತ್ತದೆ. ಮಂಡಲದ ಬಾವು ಮೆತ್ತಗೆ, ಬಹು ನೋವಿನದು, ರಕ್ತನೀರು ಒಸರುವುದು. ಒಂದರ ಚಿಕಿತ್ಸೆ ಪೆನಿಸಿಲಿನ್, ಇನ್ನೊಂದರದು ಪ್ರತಿವಿಷ. ಗಂಟಲು ಬಾಯುವ ಗಳಲೆರೋಗವೂ, ಕುರಿಗಳ ಮುಖ ತುಟಿ ಬಾಯುವ ನೀಲಿನಾಲಿಗೆ ರೋಗವೂ ಮೂತಿಗೆ ಆದ ಕಡಿತದಂತೆ ತೋರುವುದುಂಟು. ಅವುಗಳಲ್ಲಿ ಜ್ವರವಿರುತ್ತದೆ, ಮಂದೆಯಲ್ಲಿ ಒಂದಕ್ಕಿಂತ ಹೆಚ್ಚು ಪಶುಗಳಿಗೆ ಬರುತ್ತವೆ. ಹಾವು ಒಂದೇ ರಾತ್ರಿ ಇಡೀ ಮಂದೆಯನ್ನು ಕಚ್ಚುವುದಿಲ್ಲ.

ಎರಡನೆಯದು ಜೋಳದ ವಿಷ. ಹಿಂಗಾರಿ ಜೋಳದ ಈ ನಾಡಿನಲ್ಲಿ ಇದನ್ನು ವಿಸ್ತರಿಸಿ ಹೇಳಬೇಕಿಲ್ಲವೆಂದು ತೋರುವುದಾದರೂ ಪ್ರತಿ ವರ್ಷ ಹಾವಿನ ಲೆಕ್ಕಕ್ಕೆ ಸೇರುವ ಸಾವುಗಳಲ್ಲಿ ಇದರ ಪಾಲು ಉಂಟೆಂದು ನಾವು ಭಾವಿಸುತ್ತೇವೆ. ಮೊಳಕಾಲುದ್ದಕ್ಕೂ ಬಾರದ ಎಳೆಯ ಪೈರು, ಮಳೆ ತಪ್ಪಿ ಬಾಡಿದ ಪೈರು, ಕೊಯ್ದ ಮೇಲೆ ಮರಳಿ ಚಿಗುರಿದ ಕೂಳೆ, ಇವುಗಳಲ್ಲಿ ಸೈನೈಡ್ ವಿಷವನ್ನು ಹುಟ್ಟಿಸುವ ದ್ರವ್ಯವಿರುತ್ತದೆ. ಹಗ್ಗ ಬಿಚ್ಚಿಕೊಂಡು ಹೊಲಕ್ಕೆ ನುಗ್ಗಿದ ಕರು ನಿಮಿಷಗಳಲ್ಲಿ ಏದುಸಿರು ಬಿಟ್ಟು ನಡುಗಿ ಬಿದ್ದು ಸಾಯುತ್ತದೆ. ಇಂಥದರ ರಕ್ತವು ಮೊದಲಲ್ಲಿ ಕೆಚ್ಚನೆ ಹೊಳೆಯುತ್ತದೆ, ಬಾಯಲ್ಲಿ ಜೋಳದ ಎಲೆ ಇರುತ್ತದೆ. ಸಕಾಲದಲ್ಲಿ ರಕ್ತನಾಳಕ್ಕೆ ಸೋಡಿಯಂ ಥಯೊಸಲ್ಫೇಟನ್ನು ಕೊಟ್ಟರೆ ಬಿದ್ದ ಪಶು ಎದ್ದು ನಿಲ್ಲುತ್ತದೆ. ಇನ್ನೂ ಹಾಲುಣ್ಣುವ ಎಳಗರುವಿಗೆ ಈ ಅಪಾಯವಿಲ್ಲ, ಮೇವು ಕಲಿತ ಕರುವಿಗೆ ಉಂಟು. ಕೊಬ್ಬಿದ ಕುರಿಮರಿಗಳನ್ನು ರಾತ್ರೋರಾತ್ರಿ ಕೊಲ್ಲುವ ಕರುಳುಬೇನೆಯೂ ಹೀಗೆಯೇ ಹಾವಿನ ತಲೆಗೆ ಬರುತ್ತದೆ, ಅದಕ್ಕೆ ಲಸಿಕೆಯಿದೆ.

ಮೂರನೆಯದಾದ ನೆರಡಿರೋಗವು ಎಲ್ಲಕ್ಕಿಂತ ಘೋರವಾದುದು. ಪಶು ದಿಢೀರನೆ ಸಾಯುತ್ತದೆ, ಮೂಗು ಬಾಯಿ ಗುದಗಳಿಂದ ಕಪ್ಪನೆಯ ರಕ್ತ ಸೋರುತ್ತದೆ, ಆ ರಕ್ತ ಹೆಪ್ಪುಗಟ್ಟುವುದಿಲ್ಲ. ಮಂಡಲದ ಕಡಿತದಲ್ಲಿಯೂ ರಕ್ತ ಹೆಪ್ಪುಗಟ್ಟುವುದಿಲ್ಲವೆಂದು ಮೇಲೆ ಹೇಳಿದೆವು. ಇಲ್ಲಿಯೇ ಅನಾಹುತಕ್ಕೆ ದಾರಿ. ಹುಳ ಮುಟ್ಟಿ ಸತ್ತಿತೆಂದು ನಂಬಿ ತೊಗಲು ಸುಲಿದವನಿಗೆ ರೋಗಾಣುಗಳು ಕೈಯ ಗೀರಿನಿಂದ ತಗಲುತ್ತವೆ. ತೆರೆದ ಹೆಣದಿಂದ ಗಾಳಿಗೆ ಬಂದ ಅಣುಗಳು ಬೀಜರೂಪವನ್ನು ತಾಳಿ ದಶಕಗಳ ಕಾಲ ಮಣ್ಣಿನಲ್ಲಿ ಉಳಿಯುತ್ತವೆ, ಸುಣ್ಣದ ಅಂಶವುಳ್ಳ ಕ್ಷಾರಗುಣದ ಎರೆಮಣ್ಣು ಅವುಗಳ ಉಳಿವಿಗೆ ಅನುಕೂಲವಾದುದು. ಹುಲ್ಲು ತುಂಬುವುದಕ್ಕಾಗಿ ಕರುವಿನ ತೊಗಲು ತೆಗೆಯುವ ಪದ್ಧತಿಯನ್ನು ಆರಂಭದಲ್ಲಿ ಪ್ರಸ್ತಾಪಿಸಿದುದು ಈ ಕಾರಣಕ್ಕಾಗಿ. ದಿಢೀರನೆ ಸತ್ತ ಮತ್ತು ಮೈಯ ರಂಧ್ರಗಳಿಂದ ರಕ್ತ ಸೋರುವ ಯಾವ ಪಶುವನ್ನೂ, ಹಾವನ್ನು ಕಣ್ಣಾರೆ ಕಂಡಿದ್ದ ಹೊರತು, ಕೊಯ್ಯಬಾರದು, ಸುಲಿಯಬಾರದು. ಪಶುವೈದ್ಯರು ಕಿವಿಯ ನಾಳದಿಂದ ಒಂದು ತೊಟ್ಟು ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವರೆಗೆ ಕಾಯಬೇಕು. ರೋಗವು ದೃಢಪಟ್ಟರೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಬದುಕಿರುವ ಕರುವಿನಲ್ಲಿ ಮಂಡಲದ ವಿಷವನ್ನು ಗುರುತಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ತೊಳೆದು ಒಣಗಿಸಿದ ಗಾಜಿನ ನಳಿಕೆಯಲ್ಲಿ ಒಂದೆರಡು ಮಿಲಿಲೀಟರು ರಕ್ತವನ್ನು ೨೦ ನಿಮಿಷ ಅಲುಗಾಡಿಸದೆ ಇಟ್ಟು ಓರೆ ಮಾಡಿದರೆ ಸಾಕು. ಹೆಪ್ಪುಗಟ್ಟದೆ ಹರಿದರೆ ಸಂದೇಹ ಬಲವಾಯಿತು. ಪ್ಲಾಸ್ಟಿಕ್ ನಳಿಕೆಯಲ್ಲಿ ಈ ಪರೀಕ್ಷೆಯನ್ನು ನಂಬಲಾಗದು. ಮನುಷ್ಯರಿಗಾಗಿ ರೂಪಿಸಿದ ಕಾಲಮಿತಿಯು ಪಶುವಿಗೆ ಹಾಗೆಯೇ ಒಪ್ಪುವುದೆಂದು ಹೇಳಲಾಗುವುದಿಲ್ಲವಾದ್ದರಿಂದ, ಅದೇ ಕೊಟ್ಟಿಗೆಯ ಆರೋಗ್ಯವಂತ ಪಶುವೊಂದರ ರಕ್ತವನ್ನೂ ಮತ್ತೊಂದು ನಳಿಕೆಯಲ್ಲಿ ಪಕ್ಕಕ್ಕಿಟ್ಟು ಹೋಲಿಸುವುದು ಉಚಿತ.

ಇನ್ನು ಹಳ್ಳಿಯ ಚಿಕಿತ್ಸೆಗಳು. ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬರೆ ಹಾಕುವುದು, ಬೇರು ಸೊಪ್ಪುಗಳ ರಸವನ್ನು ಗೊಟ್ಟದಿಂದ ಗಂಟಲಿಗೆ ಹೊಯ್ಯುವುದು. ಇವನ್ನು ಹಾಸ್ಯ ಮಾಡುವುದು ನಮ್ಮ ಉದ್ದೇಶವಲ್ಲ. ಮಧ್ಯರಾತ್ರಿಯಲ್ಲಿ ಕರು ನರಳುತ್ತಿರುವಾಗ ಏನನ್ನಾದರೂ ಮಾಡಬೇಕೆನಿಸುವುದು ಸಹಜ. ಇವು ಗೆದ್ದಂತೆ ತೋರುವುದಕ್ಕೂ ಕಾರಣವಿದೆ. ವಿಷವಿಲ್ಲದ ಹಾವುಗಳ ಕಡಿತವೇ ಬಹಳ, ವಿಷದ ಹಾವೂ ಎಷ್ಟೋ ವೇಳೆ ವಿಷ ಬಿಡದೆ ಕಚ್ಚುತ್ತದೆ. ಅಂಥ ಕರು ಏನೂ ಮಾಡದಿದ್ದರೂ ಬದುಕುತ್ತಿತ್ತು, ಕೀರ್ತಿ ಮಾತ್ರ ಬೇರಿಗೆ ಸಲ್ಲುತ್ತದೆ. ಈ ತೊಡಕನ್ನು ಮೊದಲಿಗೆ ಕ್ರಮವಾಗಿ ಬಿಡಿಸಲು ಯತ್ನಿಸಿದವರು ಭಾರತದಲ್ಲಿಯೇ ಕೆಲಸ ಮಾಡಿದರೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು ಕೋರಮಂಡಲ ತೀರದ ಹಾವುಗಳನ್ನು ಕುರಿತು ೧೭೯೬ರಲ್ಲಿ ಗ್ರಂಥ ಪ್ರಕಟಿಸಿ, ನಾಯಿ ಕೋಳಿಗಳ ಮೇಲೆ ನಡೆಸಿದ ಪರೀಕ್ಷೆಗಳನ್ನು ದಾಖಲಿಸಿದನು. ಕೊಳಕುಮಂಡಲದ ಇಂಗ್ಲಿಷ್ ಹೆಸರು ಅವನದೇ. ಜೋಸೆಫ್ ಫೇರರ್ ೧೮೭೨ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದ ಪರೀಕ್ಷೆಗಳಲ್ಲಿ ಆ ಕಾಲದ ಹೆಸರಾಂತ ಮದ್ದುಗಳಾವುವೂ ಪೂರ್ಣ ಕಡಿತವನ್ನು ಗೆಲ್ಲಲಿಲ್ಲ. ವಿಷವನ್ನು ಪ್ರಾಣಿಗೆ ಸ್ವಲ್ಪ ಸ್ವಲ್ಪವಾಗಿ ಚುಚ್ಚಿ ಅದರ ರಕ್ತರಸದಿಂದ ಪ್ರತಿವಿಷವನ್ನು ಪಡೆಯುವ ಮಾರ್ಗವು ೧೮೯೪ರಲ್ಲಿ ಫ್ರಾನ್ಸಿನಲ್ಲಿ ಆಲ್ಬರ್ಟ್ ಕಾಲ್ಮೆಟ್ ಮುಂತಾದವರಿಂದ ತೆರೆಯಿತು. ಅಂದಿನಿಂದ ಇಂದಿನವರೆಗೆ ಮೂಲತತ್ತ್ವವು ಬದಲಾಗಿಲ್ಲ.

ಹಳ್ಳಿಯ ಕ್ರಮಗಳಲ್ಲಿ ಎಳೆಯ ಪಶುವಿಗೆ ಅತ್ಯಂತ ಅಪಾಯಕರವಾದುದು ಗೊಟ್ಟವೆಂದು ನಾವು ತಿಳಿಯುತ್ತೇವೆ. ನರವಿಷದಿಂದ ಗಂಟಲು ಸೋತ ಕರುವಿಗೆ ನುಂಗುವ ಶಕ್ತಿಯಿರುವುದಿಲ್ಲ. ಹೊಯ್ದ ರಸವು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ವಿಷದಿಂದ ಉಳಿಯಬಹುದಾಗಿದ್ದ ಕರು ಮದ್ದಿನಿಂದ ಸಾಯುತ್ತದೆ. ಬಿಗಿಕಟ್ಟು ಮಂಡಲದ ವಿಷವನ್ನು ಒಂದೆಡೆ ನಿಲ್ಲಿಸಿ ಕಾಲನ್ನೇ ಕೊಳೆಸುತ್ತದೆ, ಮೂತಿಗೆ ಕಟ್ಟುವುದಂತೂ ಸಾಧ್ಯವೇ ಇಲ್ಲ. ಹೆಪ್ಪುಗಟ್ಟದ ರಕ್ತದ ಕರುವನ್ನು ಕೊಯ್ದರೆ ಆ ಗಾಯ ನಿಲ್ಲುವುದಿಲ್ಲ. ಇದೇ ಕಾರಣದಿಂದ ಮಾಂಸಖಂಡಕ್ಕೆ ಸೂಜಿ ಚುಚ್ಚುವುದನ್ನೂ ವೈದ್ಯರು ಅಂಥ ಸಂದರ್ಭದಲ್ಲಿ ಆದಷ್ಟು ತಪ್ಪಿಸಬೇಕು. ಮಾಡತಕ್ಕದ್ದು ಕೊರಳ ಹಗ್ಗ ಬಿಚ್ಚುವುದು, ಕರುವನ್ನು ನಡೆಸದೆ ಎತ್ತಿಕೊಳ್ಳುವುದು, ಎದೆಯ ಮೇಲೆ ಕೂತಂತೆ ಗೋಣಿಚೀಲಗಳ ಆಸರೆ ಕೊಟ್ಟು ಜೊಲ್ಲು ಹೊರಹರಿಯುವಂತೆ ತಲೆ ತಗ್ಗಿಸುವುದು, ಪಶುವೈದ್ಯರಿಗೆ ಫೋನು ಮಾಡಿ ಪ್ರತಿವಿಷವಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದು. ಸಹಾಯಕ್ಕೆ ಪಶುಸಂಗೋಪನೆಯ ೧೯೬೨ ಎಂಬ ಸಹಾಯವಾಣಿಯಿದೆ. ಹಾವನ್ನು ಹುಡುಕಿ ಕೊಂದು ತರಬೇಕಾಗಿಲ್ಲ. ನಮ್ಮ ದೇಶದ ಪ್ರತಿವಿಷವು ನಾಲ್ಕು ಹಾವುಗಳಿಗೂ ಒಂದೇ.

ಆ ಪ್ರತಿವಿಷವು ಕುದುರೆಯ ರಕ್ತರಸದಿಂದ ಬಂದುದು. ಅದಕ್ಕೆ ಬೇಕಾದ ವಿಷದ ಬಹುಭಾಗವನ್ನು ತಮಿಳುನಾಡಿನ ಇರುಳರು ೧೯೭೮ರಲ್ಲಿ ಸ್ಥಾಪಿಸಿದ ಸಹಕಾರ ಸಂಘವು ಒದಗಿಸುತ್ತ ಬಂದಿದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಆದುದರಿಂದ ಸೀಸೆಯ ಮೇಲಿನ ಅಂಕಿಯನ್ನು ಪ್ರತಿಯೊಂದು ನೆಲದ ಹಾವಿಗೂ ಅಕ್ಷರಶಃ ಅನ್ವಯಿಸುವಂತಿಲ್ಲ. ಕುದುರೆಯ ದ್ರವ್ಯವು ಕರುವಿನ ದೇಹಕ್ಕೆ ಪರಕೀಯವಾದ್ದರಿಂದ ಒಮ್ಮೊಮ್ಮೆ ತೀವ್ರ ಒಗ್ಗದಿಕೆ ಉಂಟಾಗುತ್ತದೆ. ಅಡ್ರಿನಲಿನ್ ತುಂಬಿದ ಸೂಜಿಯನ್ನು ಕೈಯಳತೆಯಲ್ಲಿಟ್ಟುಕೊಂಡೇ ನಿಧಾನವಾಗಿ ರಕ್ತನಾಳಕ್ಕೆ ಹರಿಸಬೇಕು. ಚರ್ಮದಲ್ಲಿ ಮುಂಚಿತವಾಗಿ ಚುಚ್ಚಿ ನೋಡುವ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಸ್ಟೆರಾಯ್ಡ್, ಪ್ರತಿಜೀವಕ, ಧನುರ್ವಾಯುವಿನ ಚುಚ್ಚುಮದ್ದುಗಳಿಗೆ ಅವುಗಳದೇ ಸ್ಥಾನವಿದೆ. ಅವು ಪ್ರತಿವಿಷದ ಸ್ಥಾನವನ್ನು ತುಂಬಲಾರವು.

ಈಗ ಕಷ್ಟದ ಪ್ರಶ್ನೆ. ಹತ್ತು ಸೀಸೆಗಳೆಂದರೆ ೧೦೦ ಮಿಲಿಲೀಟರು. ಎಳೆಯ ದೇಹಕ್ಕೆ ದ್ರವವನ್ನು ಕಿಲೋ ಒಂದಕ್ಕೆ ೫ ರಿಂದ ೧೦ ಮಿಲಿಲೀಟರಿನಷ್ಟು ಸೇರಿಸಿ ಹರಿಸಬೇಕೆಂಬುದು ಮಕ್ಕಳ ಚಿಕಿತ್ಸೆಯ ನಿಯಮ. ೨೦ ಕಿಲೋ ಕರುವಿಗೆ ೧೦೦ ಮಿಲಿಲೀಟರು ಸರಿಹೋಗುತ್ತದೆ. ೩ ಕಿಲೋ ಮರಿಗೆ ಅದೇ ಒಂದು ಭಾರ. ಬೆಲೆಯ ಮಾತೂ ಇದೆ. ಮನುಷ್ಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷವನ್ನು ಉಚಿತವಾಗಿ ಕೊಡುತ್ತಾರೆ. ಪಶುವಿನ ಒಡೆಯನು ಅನೇಕ ವೇಳೆ ಔಷಧದ ಅಂಗಡಿಯಿಂದ ಸೀಸೆಯೊಂದಕ್ಕೆ ನೂರಾರು ರೂಪಾಯಿ ತೆತ್ತು ತರಬೇಕಾಗುತ್ತದೆ. ಹತ್ತು ಸೀಸೆಗಳ ಬೆಲೆಗೆ ಮರಿಯನ್ನೇ ಕೊಳ್ಳಬಹುದೆಂದು ಕುರಿಗಾರನು ಹೇಳಿದರೆ ಅವನ ಲೆಕ್ಕದಲ್ಲಿ ತಪ್ಪಿಲ್ಲ. ನಮ್ಮ ಅಭಿಪ್ರಾಯ ಹೀಗಿದೆ: ಕೊಳಕುಮಂಡಲದ ಪೂರ್ಣ ಕಡಿತವಾದ ಹಸುಗೂಸು ಮರಿಯನ್ನು ಉಳಿಸುವ ಆಸೆ ಬಹಳ ಕಡಿಮೆ, ಅದನ್ನು ಒಡೆಯನಿಗೆ ಮರೆಮಾಚದೆ ಹೇಳಬೇಕು.

ಕರುವಿನ ವಿಷಯದಲ್ಲಿ ಹಾಗೆ ಕೈಚೆಲ್ಲಬೇಕಾಗಿಲ್ಲ. ನಾಗರಹಾವಿನ ಕಡಿತದಲ್ಲಂತೂ ಮರಿಯ ವಿಷಯದಲ್ಲಿಯೂ ಕೈಚೆಲ್ಲಬಾರದು. ಪ್ರತಿವಿಷದೊಡನೆ ನಿಯೋಸ್ಟಿಗ್ಮಿನ್ ಮತ್ತು ಅಟ್ರೊಪಿನ್ ಕೊಟ್ಟರೆ ಜೋತ ರೆಪ್ಪೆ ಕೆಲವೇ ನಿಮಿಷಗಳಲ್ಲಿ ಏಳುವುದನ್ನು ಕಾಣಬಹುದು. ಕಟ್ಟುಹಾವಿನ ವಿಷವು ನರದ ತುದಿಯನ್ನೇ ಕೆಡಿಸುವುದರಿಂದ ಅಲ್ಲಿ ಈ ಔಷಧದ ಗುಣ ಕಡಿಮೆ. ಮೇಲಿನ ಲೆಕ್ಕದಲ್ಲಿ ಶತ್ರುವಾಗಿದ್ದ ಸಣ್ಣ ದೇಹವು ಇಲ್ಲಿ ಸಹಾಯಕ್ಕೆ ಬರುತ್ತದೆ. ಉಸಿರು ನಿಲ್ಲುತ್ತಿರುವ ಎತ್ತಿಗೆ ಹಳ್ಳಿಯಲ್ಲಿ ಉಸಿರು ತುಂಬುವುದು ಆಗದ ಮಾತು. ಕರುವಿಗೆ, ಮರಿಗೆ, ಶ್ವಾಸನಾಳದಲ್ಲಿ ನಳಿಕೆಯಿಳಿಸಿ ಕೈಚೀಲದಿಂದ ಗಾಳಿ ಒತ್ತುತ್ತ ಗಂಟೆಗಟ್ಟಲೆ ಉಸಿರಾಡಿಸಬಹುದು. ವಿಷದ ಹಿಡಿತ ಸಡಿಲಿದ ಮೇಲೆ ಪಶು ತಾನೇ ಉಸಿರಾಡುತ್ತದೆ. ದೊಡ್ಡ ದನಕ್ಕಾಗಿ ವೈದ್ಯರೇ ಬರುವವರೆಗೆ ಕಾಯಬೇಕು, ಕರುವನ್ನಾದರೋ ಮೋಟಾರುಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಬಹುದು. ಗದಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ.

ಈ ಎಲ್ಲದರ ಹಿನ್ನೆಲೆಯಲ್ಲಿ ಎಣಿಕೆಯ ಪ್ರಶ್ನೆಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಹಾವಿನ ಕಡಿತವನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರಕಾರವು ೨೦೨೪ರಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಸಂಗತಿಯೆಂದು ಘೋಷಿಸಿತು. ಈ ಆಜ್ಞೆ ಮನುಷ್ಯರಿಗೆ ಆದ ಕಡಿತಕ್ಕೆ ಮಾತ್ರ. ನೇಪಾಳದ ತರಾಯಿಯಲ್ಲಿ ಮನೆಮನೆಗೆ ಹೋಗಿ ಜನರ ಜೊತೆಗೆ ಜಾನುವಾರುಗಳನ್ನೂ ಎಣಿಸಿದ ಸಮೀಕ್ಷೆಯೊಂದು ೨೦೨೨ರಲ್ಲಿ ಪ್ರಕಟವಾಗಿದ್ದು, ಹಾವು ಕಚ್ಚಿದ ಪಶುಗಳಲ್ಲಿ ಬಹುಪಾಲು ಸತ್ತವೆಂದು ಅದರಿಂದ ತಿಳಿಯುತ್ತದೆ. ಅಂಥ ಎಣಿಕೆಯನ್ನು ಎರೆಸೀಮೆಯ ಒಂದೆರಡು ಊರುಗಳಲ್ಲಾದರೂ ನಡೆಸುವುದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳ ಶಕ್ತಿಗೆ ಮೀರಿದುದಲ್ಲ. ಸತ್ತ ಕರುಗಳ ಲೆಕ್ಕದೊಡನೆ ಅವು ಯಾವ ತಿಂಗಳಲ್ಲಿ, ಏನು ಮೇದು, ಮೈಯ ಯಾವ ಭಾಗ ಬಾತು ಸತ್ತವೆಂಬುದನ್ನು ಬರೆದುಕೊಂಡರೆ ‘ಹುಳ ಮುಟ್ಟಿತು’ ಎಂಬ ಮಾತಿನ ಒಳಗೆ ಎಷ್ಟು ಹಾವು, ಎಷ್ಟು ಜೋಳ, ಎಷ್ಟು ಚಪ್ಪೆ ಎಂಬುದು ಬೇರ್ಪಡುತ್ತದೆ. ಪ್ರತಿವಿಷದ ಸೀಸೆಗಳನ್ನು ಯಾವ ಪಶು ಆಸ್ಪತ್ರೆಯಲ್ಲಿ ಎಷ್ಟು ಇಡಬೇಕೆಂಬುದನ್ನು ನಿರ್ಧರಿಸಲು ಬೇರೆ ಮಾರ್ಗ ನಮಗೆ ತೋರುವುದಿಲ್ಲ.

ಪ್ರಾಣ ಉಳಿದ ಕರುವಿನ ಶುಶ್ರೂಷೆಯ ಬಗ್ಗೆ ಎರಡು ಮಾತು ಉಳಿದಿವೆ. ದೊಡ್ಡ ದನ ಎರಡು ದಿನ ಮೇವು ಬಿಟ್ಟರೂ ತಾಳಿಕೊಳ್ಳುತ್ತದೆ, ಎಳೆಯ ಮರಿಯ ಮೈಯಲ್ಲಿ ಆ ಕೂಡಿಟ್ಟ ಶಕ್ತಿಯಿಲ್ಲ. ಹಾಲಿಲ್ಲದೆ ಕೆಲವೇ ಗಂಟೆಗಳಲ್ಲಿ ಮೈ ತಣ್ಣಗಾಗಿ, ವಿಷದಿಂದ ಉಳಿದುದು ಹಸಿವಿನಿಂದ ಹೋಗುತ್ತದೆ. ನುಂಗುವ ಶಕ್ತಿ ಮರಳುವವರೆಗೆ ತಾಯಿಯ ಹಾಲನ್ನೇ ಕರೆದು ವೈದ್ಯರು ನಳಿಕೆಯಿಂದ ಹೊಟ್ಟೆಗೆ ಇಳಿಸಬೇಕು. ಮೈಯನ್ನು ಕಂಬಳಿಯಿಂದ ಬೆಚ್ಚಗಿಡಬೇಕು. ಮೂತಿ ಬಾತ ಕರುವಿನ ಹೊಳ್ಳೆಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಕುದುರೆಮರಿಯು ಬಾಯಿಯಿಂದ ಉಸಿರಾಡಲಾರದ್ದರಿಂದ ಅದರ ಹೊಳ್ಳೆಗಳಲ್ಲಿ ಬಾವು ಏರುವ ಮೊದಲೇ ಮೆದು ನಳಿಕೆಗಳನ್ನು ಸೇರಿಸಿಡುವುದುಂಟು. ಮಂಡಲ ಕಚ್ಚಿದ ಕರು ಎದ್ದು ಓಡಾಡತೊಡಗಿದ ಮೇಲೆಯೂ ಅದು ಹುಯ್ಯುವ ಮೂತ್ರವನ್ನು ಒಂದು ವಾರ ಗಮನಿಸುತ್ತಿರಬೇಕು. ಮೂತ್ರ ಕಡಿಮೆಯಾದರೆ ಅಥವಾ ಕಂದುಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡ ಕೆಟ್ಟಿದೆಯೆಂದು ಅರ್ಥ. ಗಾಯದ ಸತ್ತ ಚರ್ಮ ತಾನಾಗಿ ಬಿಟ್ಟುಬರಲು ಹಲವು ವಾರ ಹಿಡಿಯುತ್ತದೆ, ಅಷ್ಟು ದಿನವೂ ನೊಣ ಕೂತು ಹುಳು ಬೀಳದಂತೆ ದಿನಕ್ಕೆರಡು ಸಲ ಉಪ್ಪುನೀರಿನಿಂದ ತೊಳೆದು ಮುಲಾಮು ಸವರುತ್ತಿರಬೇಕಾಗುತ್ತದೆ.